ಮಡಚಿದ ಕಿವಿ

ಗಡಿಯಲ್ಲಿ ಗುಂಡಿನ ಚಕಮಕಿ ಶುರುವಾದ ವಾರವೇ ನನ್ನ ಮಗಳ ಕಾಲೇಜಿನಲ್ಲಿ ಚಿತ್ರಕಲಾ ಪ್ರದರ್ಶನವಿತ್ತು. ಸೇನೆಯಲ್ಲಿರುವ ನನ್ನ ತಮ್ಮನ ಫೋನ್ ಸ್ವಿಚ್ ಆಫ್ ಆಗಿತ್ತು. ಅಮ್ಮ ಚಾಮರಾಜಪುರಂನ ನಮ್ಮ ಮನೆಗೆ ಬಂದು ಕೂತವರು, ಟೀವಿ ಹಾಕಬೇಡಿ ಎಂದುಬಿಟ್ಟಿದ್ದರು.

ಮಗಳ ಚಿತ್ರದಲ್ಲಿ ಒಬ್ಬ ತಾಯಿ ಹೊಸಿಲ ಬಳಿ ಕೂತು ಮಗುವಿಗೆ ಜಡೆ ಹೆಣೆಯುತ್ತಿದ್ದಾಳೆ. ಹಿಂದೆ ಸಮವಸ್ತ್ರದ ಗಂಡಸು ನಿಂತಿದ್ದಾನೆ. ತಾಯಿಗೂ ಮಗುವಿಗೂ ಮೈತುಂಬ ಬಣ್ಣ. ಅವನು ಮಾತ್ರ ಬೂದು ಪೆನ್ಸಿಲ್ ಗೆರೆ. ಯುದ್ಧಕ್ಕೆ ಹೋದವನು ವಾಪಸ್ ಬಂದಿಲ್ಲ, ಅವರ ಕಣ್ಣಿಗೆ ಕಾಣಿಸ್ತಾನೆ ಅಷ್ಟೆ ಎಂದು ಮಗಳು ವಿವರಿಸಿದ್ದಳು. ಜಡೆಯ ರಿಬ್ಬನ್ ಚೆನ್ನಾಗಿದೆ ಎಂದಷ್ಟೇ ಹೇಳಿ, ಮಂಡಿ ಮೊಹಲ್ಲಾದ ಅಂಗಡಿಯಲ್ಲಿ ಫ್ರೇಮಿಗೆ ಕೊಟ್ಟು ಬಂದಿದ್ದೆ.

ತರಲು ಹೋದಾಗ ಅಂಗಡಿಯವರು ಪೇಪರ್ ಬಿಚ್ಚಿ ತೋರಿಸಿದರು. ಫ್ರೇಮಿಗೆ ಗಂಧದ ಚಕ್ಕೆಯ ಹಾರ ಹಾಕಿದ್ದರು. ತೀರಿಹೋದವರ ಫೋಟೋಗೆ ಹಾಕುವಂಥದ್ದು.

"ಹಾರ ನಮ್ ಕಡೆಯಿಂದ ಇರ್ಲಿ ತಾಯಿ. ದೇಶಕ್ಕೋಸ್ಕರ ಹೋದವ್ರು. ಇವ್ರು ನಿಮ್ಗೇನಾಗ್ಬೇಕು?"

ಬರೀ ಚಿತ್ರ ಕಣ್ರೀ ಎನ್ನಲು ಬಾಯಿ ತೆರೆದೆ. ಆಗ ಗಾಜಿನ ಕೆಳಗೆ ಆ ಗಂಡಸಿನ ಎಡಗಿವಿ ಕಾಣಿಸಿತು. ತುದಿ ಒಳಕ್ಕೆ ಮಡಚಿಕೊಂಡಿತ್ತು. ಹುಟ್ಟಿದಾಗಿನಿಂದ ನನ್ನ ತಮ್ಮನ ಕಿವಿ ಹಾಗೆಯೇ. ಮಗಳು ಮಾಮನ ಫೋಟೋ ನೋಡಿಕೊಂಡು ಬರೆದಿದ್ದಳು.

ಹೆದರಿದಾಗ ನನ್ನ ಬಾಯಿಗೆ ಮೊದಲು ಬರುವುದು ಕಾನ್ವೆಂಟಿನಲ್ಲಿ ಸಿಸ್ಟರ್ ಹೇಳಿಕೊಟ್ಟ ಪ್ರಾರ್ಥನೆ. ಆಟೋದಲ್ಲಿ ಅದರ ಅರ್ಧವೂ ನೆನಪಾಗಲಿಲ್ಲ. ಹಾರ ತೆಗೆದು ಕರ್ಚೀಫಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ.

ಗಂಧದ ವಾಸನೆ ಎಲ್ಲಿಂದ ಎಂದು ಅಮ್ಮ ಬಾಗಿಲಲ್ಲೇ ಕೇಳಿದರು. ಸೋಪು ತಗೊಂಡೆ ಎಂದೆ. ಅವರು ಬ್ಯಾಗ್ ನೋಡಲಿಲ್ಲ, ಚಿತ್ರ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಬೆರಳು ಆ ಕಿವಿಯ ಮೇಲೆ ನಿಂತಿತು.

"ಇವನಿಗೂ ಬಣ್ಣ ಹಾಕು ಪುಟ್ಟಿ."

"ಹಾಕಿದ್ರೆ ಅವ್ನು ವಾಪಸ್ ಬಂದಂಗಾಗುತ್ತೆ ಅಜ್ಜಿ. ಚಿತ್ರಾನೇ ಇರಲ್ಲ."

"ಬರ್ಲಿ ಅಂತಾನೇ ಕಣೇ ಹೇಳ್ತಿರೋದು."

ಮಗಳು ನನ್ನ ಮುಖ ನೋಡಿದಳು. ಫ್ರೇಮಿನ ಹಿಂದಿನ ಮೊಳೆ ಕಿತ್ತು, ಗಾಜು ಸರಿಸಿ, ಮಡಚಿದ ಕಿವಿಯನ್ನು ರಬ್ಬರಿನಿಂದ ಅಳಿಸಿದಳು. ಆ ಜಾಗದಲ್ಲಿ ಎಲ್ಲರಿಗೂ ಇರುವಂಥ ನೆಟ್ಟಗಿನ ಕಿವಿ ಬರೆದಳು. ಅಮ್ಮ ಉಸಿರು ಬಿಟ್ಟರು.

ಪ್ರದರ್ಶನದ ಹಿಂದಿನ ಸಂಜೆ ತಮ್ಮ ಫೋನ್ ಮಾಡಿದ. ಚೆನ್ನಾಗಿದ್ದೀನಿ ಎಂದ. ಅಮ್ಮ ಊಟದ ವಿಷಯ ಬಿಟ್ಟು ಬೇರೇನೂ ಕೇಳಲಿಲ್ಲ.

ಕಾಲೇಜಿನ ಗೋಡೆಯ ಮೇಲೆ ಆ ಬೂದು ಗಂಡಸು ಈಗ ನಮ್ಮವನಾಗಿರಲಿಲ್ಲ. ಅವನ ಮುಂದೆ ನನಗಿಂತ ಹಿರಿಯ ಹೆಂಗಸೊಬ್ಬರು ನಿಂತಿದ್ದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ, ತಮ್ಮ ಮನೆಯ ಯಾರನ್ನೋ ಹುಡುಕುವಂತೆ ಅವನ ಮುಖವನ್ನೇ ನೋಡುತ್ತಿದ್ದರು. ಎಸೆಯಲು ಧೈರ್ಯ ಬಾರದ ಹಾರ ಇನ್ನೂ ನನ್ನ ಬ್ಯಾಗಿನಲ್ಲೇ ಇತ್ತು. ಅದರ ವಾಸನೆ ಅವರಿಗೆ ಬಡಿದೀತೆಂದು ನಾನು ಹತ್ತಿರ ಹೋಗಲಿಲ್ಲ.