ಜಾಗ ಬಿಡದ ಗೆರೆ

ಭಾಲ್ಕಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವಾಗ, ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಮಾಳಿಗೆಯ ಮೇಲೆ ಸಣ್ಣದೊಂದು ರೇಡಿಯೋ ದೂರದರ್ಶಕ ಮಾಡಿದ್ದೆ. ಬೀದರಿನ ತಗಡು ಕೆಲಸದ ಚಾಚಾ ಒಬ್ಬರು ಅದಕ್ಕೆ ದೊಡ್ಡ ಲಾಳಿಕೆಯಂಥ ಬಾಯಿ ಬೆಸೆದುಕೊಟ್ಟಿದ್ದರು. ನಕ್ಷತ್ರಗಳ ನಡುವಿನ ಜಾಗ ಖಾಲಿಯಲ್ಲ, ಅಲ್ಲಿ ಹೈಡ್ರೋಜನ್ ಅನಿಲ ಇದೆ. ಅದು ಸೂಸುವ ರೇಡಿಯೋ ಅಲೆ ಲ್ಯಾಪ್‌ಟಾಪಿನ ಪರದೆಯ ಮೇಲೆ ದಿಬ್ಬದಂತೆ ಮೂಡಬೇಕು.

ಮೂರನೇ ವಾರ ಚೂಪಾದ ಗೆರೆಯೊಂದು ಎದ್ದಿತು. ಹೈಡ್ರೋಜನ್ ಸಿಕ್ಕಿತೆಂದು ನಾನು ಕುಣಿದಾಡಿಬಿಟ್ಟೆ. ಠಾಣಾ ಕುಶನೂರದಿಂದ ಬಸ್ಸಿಗೆ ಬರುತ್ತಿದ್ದ ಒಬ್ಬ ವಿದ್ಯಾರ್ಥಿನಿ ಮಾತ್ರ ಪರದೆಯನ್ನೇ ನೋಡುತ್ತ ನಿಂತಿದ್ದಳು.

"ಸರ್, ಎತ್ತ ತಿರುವಿದ್ರೂ ಈ ಗೀಟು ಅಲ್ಲೇ ಅದ ರೀ. ಗ್ಯಾಸ್ ಓಡಾಡ್ತದ ಅಂದ್ರ ಗೀಟೂ ಸರೀಬೇಕಲ್ರಿ?"

ಎಲ್ಲರೂ ನನ್ನ ಮುಖ ನೋಡಿದರು.

"ನಿನ್ನಿ ಕಲ್ತಾಕಿ ಇವತ್ತ ನನಗ ಕಲಸ್ತಿ ಏನ?" ಎಂದೆ. ಹುಡುಗರು ನಕ್ಕರು. ಅವಳು ಚೀಲ ಹೆಗಲಿಗೇರಿಸಿ ಇಳಿದುಹೋದಳು. ಮರುದಿನದಿಂದ ಮಾಳಿಗೆಗೆ ಬರಲಿಲ್ಲ.

ಬೀದರಿನ ಒಂದು ವಿಚಾರ ಸಂಕಿರಣದಲ್ಲಿ ಅದೇ ಗೆರೆ ತೋರಿಸಿ ಶಾಲು ಹೊದಿಸಿಕೊಂಡೆ. ಅದಾದ ವಾರಕ್ಕೆ, ಒಂದು ಮಧ್ಯಾಹ್ನ, ಒಬ್ಬನೇ ಇದ್ದಾಗ ಲಾಳಿಕೆಯ ಬಾಯನ್ನು ಮಾಳಿಗೆಯ ಗೋಡೆಗೆ ತಿರುಗಿಸಿದೆ. ಗೆರೆ ಅಲ್ಲೇ ಇತ್ತು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತೆ. ಗೆರೆ ಮಾಯವಾಯಿತು. ಆಕಾಶದ್ದೆಂದು ನಾನು ಶಾಲು ಹೊದಿಸಿಕೊಂಡಿದ್ದು ಚಾರ್ಜರಿನ ಗದ್ದಲಕ್ಕೆ. ಅದಕ್ಕಿಂತ ನಾಚಿಕೆಗೇಡೆಂದರೆ, ಚಾರ್ಜರ್ ಮತ್ತೆ ಸಿಕ್ಕಿಸಿ ಕೆಳಗಿಳಿದೆ. ಹನ್ನೊಂದು ದಿನ ಯಾರಿಗೂ ಹೇಳಲಿಲ್ಲ.

ಹನ್ನೆರಡನೇ ದಿನ ಅವಳನ್ನು ಬಸ್‌ಸ್ಟ್ಯಾಂಡಿನಲ್ಲಿ ಕಂಡೆ. ತನ್ನೂರಿನ ಮೇಲೆ ಹೋಗುವ ಔರಾದ ಬಸ್ಸಿಗೆ ಕಾಯುತ್ತಿದ್ದಳು. "ನಿಂದೇ ಖರೆ ಇತ್ತವ್ವ, ನಂದು ತಪ್ಪಾತು," ಎಂದೆ.

ಅವಳು ತಲೆ ಎತ್ತಲಿಲ್ಲ. "ನನಗ ಗೊತ್ತಿತ್ರಿ ಸರ್. ನಕ್ಕವರಿಗಿ ಗೊತ್ತಿಲ್ರಿ."

ಮರುದಿನ ತರಗತಿಯಲ್ಲಿ, ನಕ್ಕಿದ್ದ ಹುಡುಗರ ಮುಂದೆ, ಎಲ್ಲವನ್ನೂ ಹೇಳಿದೆ. ಆ ಹನ್ನೊಂದು ದಿನಗಳನ್ನೂ ಮುಚ್ಚಿಡಲಿಲ್ಲ. ಸಂಕಿರಣದವರಿಗೂ ಪತ್ರ ಬರೆದೆ, ಉತ್ತರ ಬರಲಿಲ್ಲ.

ಅವಳು ಮಾಳಿಗೆಗೆ ಮರಳಿದಳು. ಚಾರ್ಜರ್ ಇಲ್ಲದೆ, ಲಾಳಿಕೆಯಿಂದ ಉದ್ದ ವೈರು ಎಳೆದು, ಲ್ಯಾಪ್‌ಟಾಪನ್ನು ಮೆಟ್ಟಿಲ ಕೆಳಗಿಟ್ಟಳು. ನಾಲ್ಕು ದಿನದ ಮೇಲೆ ತಗ್ಗಾದ, ಅಗಲವಾದ ದಿಬ್ಬವೊಂದು ಮೂಡಿತು. ಲಾಳಿಕೆಯನ್ನು ಆಕಾಶಗಂಗೆಯ ಇನ್ನೊಂದು ಕಡೆಗೆ ತಿರುಗಿಸಿದಾಗ ಅದು ತುಸು ಪಕ್ಕಕ್ಕೆ ಸರಿಯಿತು.

ನಾನು ಈ ಸಲ ಕುಣಿಯಲಿಲ್ಲ. "ಇದು ಖರೇನ ಏನವ್ವ?" ಎಂದು ಅವಳನ್ನೇ ಕೇಳಿದೆ.

"ಇನ್ನೊಂದು ಸಲ ನೋಡಮಿ ರೀ ಸರ್," ಎಂದಳು, ಲಾಳಿಕೆಯನ್ನು ಮತ್ತೆ ತಿರುಗಿಸುತ್ತ.