ನುಣ್ಣಗೆ ಅರೆದ ಇದ್ದಿಲು

ಮೊಮ್ಮಕ್ಕಳಾ, ನಿಮ್ಮ ಮುಂದೆ ನಿಂತು ಹೇಳಲು ನನಗೆ ಬಾಯಿ ಬಾರದ ಒಂದು ಮಾತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಸುಮಾರು ಐದು ವರ್ಷದ ಹಿಂದೆ ಪಕ್ಕದ ತೋಟದವರು ತೆಂಗಿನ ನುಸಿಗೆ ಔಷಧಿ ಹೊಡೆಸಿದರು. ಗಾಳಿ ಅದನ್ನೆಲ್ಲ ನಮ್ಮ ಅಂಗಳಕ್ಕೆ ತಂದಿತು. ಸಂಪಿನ ಮುಚ್ಚಳ ಒಡೆದಿತ್ತು, ನೀರಿಗೂ ಅದೇ ವಾಸನೆ. ಸೊಸೆಗೆ ಆಗ ಮೂರು ತಿಂಗಳು. ನಿಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು ಅವಳ ಹೊಟ್ಟೆಯಲ್ಲಿದ್ದಳು. ಅದಕ್ಕೆ ಮೊದಲು ಎರಡು ಸಲ ಬಸಿರು ನಿಂತಿರಲಿಲ್ಲ.

ನೀರು ಕೆಟ್ಟರೆ ನಮ್ಮತ್ತೆ ಕಾಯಿಚಿಪ್ಪು ಸುಟ್ಟು, ಇದ್ದಿಲನ್ನು ತುಂಡು ತುಂಡಾಗಿ ಕುಡಿಯುವ ನೀರಿನ ಮಡಕೆಗೆ ಹಾಕುತ್ತಿದ್ದರು. ಇದ್ದಿಲು ಕೆಟ್ಟದ್ದನ್ನು ಹೀರುತ್ತದೆ ಎನ್ನುತ್ತಿದ್ದರು. ನಾನು, ಇನ್ನೂ ಚೆನ್ನಾಗಿ ಹೀರಲಿ ಎಂದು, ಅದನ್ನು ಕುಟ್ಟಿ, ಕಾಡಿಗೆಗೆ ಮಾಡುವ ಹಾಗೆ ನುಣ್ಣಗೆ ಅರೆದು, ಹಳೆಯ ಪಂಚೆಯ ತುಂಡಿನಲ್ಲಿ ಜರಡಿ ಹಿಡಿದು ಹಾಕಿದೆ. ಪುಡಿ ತಳಕ್ಕೆ ಕೂತ ಮೇಲೆ ನೀರು ತಿಳಿಯಾಗಿಯೇ ಕಂಡಿತು. ಒಂದು ವಾರ ಸೊಸೆ ಕುಡಿದದ್ದು ಅದೇ ನೀರು. ಹೇಳಿದರೆ ನಗುತ್ತಾರೆಂದು ಯಾರಿಗೂ ಹೇಳಿರಲಿಲ್ಲ.

ಅಷ್ಟರಲ್ಲಿ ನಿಮ್ಮಲ್ಲಿ ದೊಡ್ಡವಳು, ನನ್ನ ಮಗಳ ಮಗಳು, ಕಾಲೇಜಿನಿಂದ ರಜೆಗೆ ಬಂದಳು. ಕೈಯಲ್ಲೊಂದು ಬಾಟಲಿ, ಅದರ ತುಂಬ ಸಾಸಿವೆಗಿಂತ ಸಣ್ಣ ಮೀನಿನ ಮೊಟ್ಟೆಗಳು. ಗಾಜಿನಂಥವು. ಭೂತಗನ್ನಡಿ ಹಿಡಿದರೆ ಒಳಗೆ ಎದೆ ಬಡಿಯುವುದು ಕಾಣುತ್ತಿತ್ತು.

"ಬಸುರಿ ನಾನು ಕಣೇ, ನೀನು ಮೀನಿಗೆ ಬಾಣಂತನ ಮಾಡಕ್ಕೆ ಬಂದಿದ್ದೀಯಾ?" ಎಂದು ಸೊಸೆ ರೇಗಿಸಿದಳು.

ದೊಡ್ಡವಳೂ ನಕ್ಕು ತನ್ನ ಓದಿನ ವಿಷಯ ಹೇಳಿದಳು. "ನೀರಲ್ಲಿರೋ ಎಲ್ಲಾ ವಿಷಾನೂ ಮೊಟ್ಟೆ ಒಳಕ್ಕೆ ಸಲೀಸಾಗಿ ಹೋಗಲ್ಲ. ಕಣ್ಣಿಗೇ ಕಾಣದಷ್ಟು ನುಣ್ಣನೆ ಧೂಳು ಇತ್ತು ಅನ್ನಿ, ವಿಷ ಅದರ ಬೆನ್ನು ಹತ್ಕಂಡು ಒಳಕ್ಕೆ ಹೋಗ್‌ಬೋದು. ಒಂದೊಂದ್ಸಲ ಆ ಧೂಳೇ ವಿಷಾನ ಹಿಡ್ಕಂಡು ತಡೆಯೋದೂ ಉಂಟು. ಯಾವಾಗ ಹೆಂಗೆ ಅಂತಾನೇ ನೋಡ್ತಿರೋದು."

"ಆ ಎಳೆಮರಿಗೆ ವಿಷ ಹೊತ್ಕಂಡೋಗಿ ಕೊಡೋದು ಯಾರೇ?" ಎಂದೆ.

"ನ್ಯಾನೋ ಕಣಜ್ಜಿ."

ನನ್ನ ಕಿವಿಗೆ ಬಿದ್ದದ್ದು "ನೀನೇ ಕಣಜ್ಜಿ" ಎಂದು. ಕೈಯಲ್ಲಿದ್ದ ಲೋಟ ಬಿತ್ತು. "ನಾನು ಬೇಕೂಂತ ಮಾಡ್ಲಿಲ್ಲ ಕಣವ್ವಾ!" ಎಂದುಬಿಟ್ಟೆ.

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ನೀನಲ್ಲಜ್ಜಿ, ನ್ಯಾನೋ! ಅಷ್ಟು ಸಣ್ಣ ಧೂಳಿಗೆ ಹಂಗಂತಾರೆ."

ನಗು ನಿಂತ ಮೇಲೆ ಮೆಲ್ಲಗೆ ಕೇಳಿದೆ. "ಇದ್ದಿಲು ಅರೆದರೆ ಅಷ್ಟು ಸಣ್ಣ ಆಯ್ತದಾ?"

"ಬಾಳ ಅರೆದರೆ ಒಂದಿಷ್ಟು ಆಗ್‌ಬೋದು. ಯಾಕಜ್ಜಿ?"

"ಸುಮ್ನೆ."

ಮಡಕೆಯನ್ನು ಹಿತ್ತಲಿಗೆ ಒಯ್ದು ಒಂದು ಲೋಟ ನೀರು ಉಳಿಸಿಕೊಂಡೆ. ಮಡಕೆಯನ್ನು ಒಗೆಯುವ ಕಲ್ಲಿನ ಮೇಲೆ ಎತ್ತಿಹಾಕಿ, "ಜಾರ್‌ಬುಡ್ತು" ಎಂದೆ. ಅವತ್ತಿನಿಂದ ಕುಡಿಯಲು ಪೇಟೆಯಿಂದ ಕ್ಯಾನಿನ ನೀರು ತರಿಸಿದೆ. ಎಲ್ಲರೂ ಮಲಗಿದ್ದ ಮಧ್ಯಾಹ್ನದಲ್ಲಿ ದೊಡ್ಡವಳ ಬಾಟಲಿಯಿಂದ ಚಮಚದಲ್ಲಿ ಐದು ಮೊಟ್ಟೆ ಕದ್ದು, ಏನಾಗುತ್ತದೋ ನೋಡೋಣವೆಂದು ಆ ಲೋಟಕ್ಕೆ ಬಿಟ್ಟು, ಅಟ್ಟದ ಮೇಲೆ ಒಣಗಲು ಹಾಕಿದ್ದ ಕೊಬ್ಬರಿ ಕಾಯಿಗಳ ಮರೆಯಲ್ಲಿಟ್ಟೆ. ಮೂರು ದಿನ ಏಣಿ ಹತ್ತಿ ಇಳಿದೆ. ಸೊಸೆ ಕೆಮ್ಮಿದರೂ, ಬಚ್ಚಲಲ್ಲಿ ಸ್ವಲ್ಪ ತಡ ಮಾಡಿದರೂ ಎದ್ದು ಹೋಗಿ ಬಾಗಿಲ ಹತ್ತಿರ ನಿಲ್ಲುತ್ತಿದ್ದೆ.

ಮೂರನೆಯ ದಿನ ಮೊಟ್ಟೆಗಳು ಒಡೆದಿದ್ದವು. ನಾಲ್ಕು ಮರಿ ನೆಟ್ಟಗಿದ್ದವು. ಐದನೆಯದರ ಬೆನ್ನು ಕುಡುಗೋಲಿನ ಹಾಗೆ ಬಗ್ಗಿತ್ತು. ಅದು ಇದ್ದಲ್ಲೇ ಗಿರಗಿರನೆ ಸುತ್ತುತ್ತಿತ್ತು.

ನನ್ನ ಲೋಟದ ಮಾತೆತ್ತದೆ ದೊಡ್ಡವಳನ್ನು ಕೇಳಿದೆ. ಅವಳ ಬಾಟಲಿಯಲ್ಲೂ ಅಂಥವು ಒಂದೆರಡು ಇದ್ದವಂತೆ. "ಬಸ್ಸಲ್ಲಿ ಕುಲುಕಿದ್ದಕ್ಕೂ ಹಂಗಾಯ್ತದಜ್ಜಿ. ಒಂದ್ ಮರಿ ನೋಡಿ ಏನೂ ಹೇಳಕ್ಕಾಗಲ್ಲ" ಎಂದಳು. ಆದರೆ ಕಣ್ಣು ಮುಚ್ಚಿದರೆ ನನಗೆ ಕಾಣುತ್ತಿದ್ದದ್ದು ಆ ಒಂದೇ ಮರಿ.

ತಿಪಟೂರಿನಲ್ಲಿ ಸ್ಕ್ಯಾನ್ ಮಾಡಿದ ಡಾಕ್ಟರಮ್ಮ ಎಲ್ಲ ಸರಿಯಿದೆ ಎಂದರು. ನಾನು ಇದ್ದಿಲಿನ ವಿಷಯ ಕೇಳಬೇಕೆಂದು ಬಾಗಿಲವರೆಗೆ ಹೋಗಿ ವಾಪಸು ಬಂದು ಬೆಂಚಿನ ಮೇಲೆ ಕುಳಿತೆ. ಚಿಕ್ಕವಳು ಹುಟ್ಟಿದ ಮೇಲೆ, ಮೊದಲ ಸಲ ಕಾಲ ಮೇಲೆ ಹಾಕಿಕೊಂಡು ನೀರು ಹಾಕುವಾಗ, ಎಣ್ಣೆ ಸವರುವ ನೆಪದಲ್ಲಿ ಅವಳ ಬೆನ್ನುಮೂಳೆಯ ಮೇಲೆ ಕತ್ತಿನಿಂದ ಕೆಳಗಿನವರೆಗೆ ಬೆರಳಾಡಿಸಿದೆ. ನೆಟ್ಟಗಿತ್ತು.

ಈಗ ಅವಳಿಗೆ ನಾಲ್ಕು ವರ್ಷ. ಎಣ್ಣೆ ಹಚ್ಚುವಾಗ ಬೆರಳು ಇವತ್ತಿಗೂ ಅಲ್ಲಿಗೇ ಹೋಗುತ್ತದೆ. "ಕಚಗುಳಿ ಆಯ್ತದೆ, ಬುಡಜ್ಜಿ" ಎಂದು ಓಡುತ್ತಾಳೆ. ಬೆನ್ನು ನೆಟ್ಟಗಿದೆ. ಒಳಗಿನದು ಬೆರಳಿಗೆ ತಿಳಿಯುವುದಿಲ್ಲ.

ದೊಡ್ಡವಳೇ, ಇದನ್ನು ಮೊದಲು ನೀನು ಓದು. ಚಿಕ್ಕವಳ ಅಮ್ಮನಿಗೆ ಹೇಳಬೇಕೆನಿಸಿದರೆ ನೀನೇ ಹೇಳು. ಅವಳು ನನ್ನ ಮುಖ ನೋಡಿದರೆ ನನಗೆ ಮಾತು ಹೊರಡುವುದಿಲ್ಲ.