ವಿದ್ಯಾ ಗಿಡ ಮತ್ತು ಮುಳ್ಳುಹಂದಿಯ ಮುಳ್ಳು

ನಿನ್ನೆ ರಾಯಚೂರಿನ ನಮ್ಮ ಕಾಲೇಜಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದಾಗ ಒಂದರ ಮಡಿಕೆಯಿಂದ ವಿದ್ಯಾ ಗಿಡದ ಒಣ ಎಲೆ ಬಿತ್ತು. ಓದು ತಲೆಗೆ ಹತ್ತಲೆಂದು ನೀವೂ ಪುಸ್ತಕದಲ್ಲಿ ಇಟ್ಟಿರುತ್ತೀರಿ. ಅದು ಥೂಜಾ, ಪೈನ್ ಮರದ ದೂರದ ನೆಂಟ, ವಿದ್ಯೆಗೂ ಅದಕ್ಕೂ ಸಂಬಂಧವಿಲ್ಲ ಎಂದು ಪಾಠ ಮಾಡಿದವಳೇ ನಾನು. ಆ ಹುಡುಗಿಗೆ ಬಂದದ್ದು ಇಪ್ಪತ್ತೈದಕ್ಕೆ ಆರು.

ನನ್ನ ಪುಸ್ತಕಗಳಲ್ಲಿ ಈ ಎಲೆ ಇಡುತ್ತಿದ್ದವಳು ತಂಗಿ. ಈಗ ಮಾನ್ವಿಯಲ್ಲಿದ್ದಾಳೆ, ಎರಡು ತಿಂಗಳಿಂದ ಮಾತಿಲ್ಲ. ನಾನು ಬೇಡವೆಂದ ಮದುವೆ ಸಂಬಂಧದ ಸುದ್ದಿಯನ್ನು, ಯಾರಿಗೂ ಹೇಳಬೇಡ ಎಂದಿದ್ದರೂ, ಬಳಗಕ್ಕೆಲ್ಲ ಹಂಚಿದಳು. ನಾನೂ ಆಡಬಾರದ್ದು ಆಡಿದೆ. ಮೊದಲು ಫೋನ್ ಮಾಡಿದವರು ತಪ್ಪೊಪ್ಪಿಕೊಂಡಂತೆ ಎಂದು ಇಬ್ಬರೂ ಮಾಡಲಿಲ್ಲ.

ಚಿಕ್ಕಂದಿನಲ್ಲಿ, ದೇವದುರ್ಗದ ಮನೆಯಲ್ಲಿ, ನನ್ನ ಕಂಪಾಸ್ ಪೆಟ್ಟಿಗೆಯೊಳಗೆ ಇನ್ನೊಂದು ವಸ್ತುವಿತ್ತು: ಶೇಂಗಾ ಹೊಲದಲ್ಲಿ ಸಿಕ್ಕ ಮುಳ್ಳುಹಂದಿಯ ಮುಳ್ಳು. ಅದು ಸಿಕ್ಕ ವಾರವೇ ರೊಟ್ಟಿ ಬಡಿಯುವ ಪಾಳಿಗಾಗಿ ಅವ್ವನಿಗೂ ಚಿಗವ್ವನಿಗೂ ಜಗಳ ಹತ್ತಿತು. ಒಂದೇ ಅಡುಗೆಮನೆಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತಿದ್ದರು. ಎಂಟನೇ ದಿನ ಮುಳ್ಳು ಅಜ್ಜಿಯ ಕಣ್ಣಿಗೆ ಬಿತ್ತು.

“ಇದನ್ನ ಮನಿಯಾಗ ಇಟ್ಕೊಂಡು ಕುಂತೀಯಲ್ಲಬೇ! ಜಗಳ ಹತ್ತಲಾರ್ದ ಇನ್ನೇನಾಗ್ತದ?”

“ಯಮ್ಮಾ, ಅದು ಬರೇ ಗಟ್ಟಿ ಕೂದಲ,” ಎಂದೆ.

“ನಿನ್ನ ಕೂದಲಕ್ಕ ಬೆಂಕಿ ಹಚ್ಲಿ! ಒಗದು ಬಾ ಹೋಗು.”

ಚಿಗವ್ವ ಅವ್ವನ ಕಡೆ ತಿರುಗಿದಳು. “ನೋಡಕ್ಕಾ, ಎಲ್ಲಾ ಈಕಿ ಕೆಲಸ!”

“ಅದಕ್ಕ ಅಂತೀನಿ, ನೀ ಅಂಥಾಕಿ ಅಲ್ಲ ಬಿಡು,” ಎಂದಳು ಅವ್ವ. ಇಬ್ಬರೂ ಸೇರಿ ನನ್ನನ್ನು ಬೈದರು. ತಂಗಿಯನ್ನು ಜೊತೆಗೆ ಕರೆದುಕೊಂಡು ಹೋಗಿ ಮುಳ್ಳನ್ನು ತಿಪ್ಪೆಗೆ ಎಸೆದು ಬಂದೆ. ಸಂಜೆಗೆ ಅವರಿಬ್ಬರೂ ಒಂದೇ ತಾಟಿನಲ್ಲಿ ಉಂಡರು.

ಮುಂದೆ ಎಸ್ಸೆಸ್ಸೆಲ್ಸಿಯಲ್ಲಿ ನಾನು ಶಾಲೆಗೇ ಮೊದಲು ಬಂದಾಗ ಅಜ್ಜಿ ಹೇಳಿದ್ದು, “ವಿದ್ಯಾ ಗಿಡ ಕೈ ಬಿಡಲಿಲ್ಲ ನೋಡು.” ನಸುಕಿಗೆ ಎದ್ದು ಓದಿದವಳು ನಾನು! ಮಾರ್ಕ್ಸು ಮರದ್ದು, ಜಗಳ ಮುಳ್ಳುಹಂದಿಯದ್ದು. ನಡುವೆ ಮನುಷ್ಯರು ಏನೂ ಮಾಡಲೇ ಇಲ್ಲ. ಪಾಪ, ಮುಳ್ಳುಹಂದಿ ಜಗಳ ಹುಡುಕಿಕೊಂಡು ಹೋಗುವ ಪ್ರಾಣಿಯಲ್ಲ. ಹೆದರಿದಾಗ ಬೆನ್ನು ತಿರುಗಿಸಿ ಮುಳ್ಳು ನಿಮಿರಿಸುತ್ತದೆ, ಅಷ್ಟೇ. ಪ್ರತಿ ವರ್ಷ ಇದನ್ನು ಕ್ಲಾಸಿನಲ್ಲಿ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ನಿನ್ನೆ ಎಲೆ ಹಿಡಿದು ಕೂತಾಗ ಒಂದು ಹೊಳೆಯಿತು. ಆ ದಿನ ಅವ್ವ, ಚಿಗವ್ವ ಇಬ್ಬರಲ್ಲಿ ಯಾರೂ ತಪ್ಪಾಯಿತು ಎನ್ನಲಿಲ್ಲ. ಅನ್ನಬೇಕಾಗಿಯೇ ಇರಲಿಲ್ಲ.

ಮಾನ್ವಿಗೆ ಫೋನ್ ಮಾಡಿದೆ.

“ಏನು?” ಎಂದಳು ತಂಗಿ, ಬಿಗಿಯಾಗಿ.

“ಆ ಮುಳ್ಳಹಂದಿ ಮುಳ್ಳು ಇನ್ನೂ ನನ್ನ ಕಂಪಾಸಿನ್ಯಾಗ ಅದ. ಇವತ್ತ ಸಿಕ್ತು.”

ಅದನ್ನು ಎಸೆಯುವಾಗ ಪಕ್ಕದಲ್ಲೇ ನಿಂತಿದ್ದವಳು ಅವಳು.

“ಅದಕ್ಕ ನೋಡಕ್ಕಾ ಹಿಂಗಾಗ್ಯಾದ,” ಎಂದಳು. “ಮೊದ್ಲ ಒಗಿ ಅದನ್ನ.”